ಮೂರನೆಯ ಸೆಲ್ ಹಾಕುವ ಮೊದಲು

ಎರಡು ಸೆಲ್ಲಿನ ಲಿಥಿಯಂ ಪಾಲಿಮರ್ (ಲಿಪೊ) ಬ್ಯಾಟರಿಯ ಮೇಲೆ 7.4 ವೋಲ್ಟ್ ಎಂದು ಬರೆದಿರುತ್ತದೆ. ಅದನ್ನೇ ಪೂರ್ತಿ ಚಾರ್ಜ್ ಮಾಡಿ ಮಲ್ಟಿಮೀಟರ್ ಹಿಡಿದರೆ 8.4 ತೋರಿಸುತ್ತದೆ. ಮೂರು ಸೆಲ್ಲಿನದರಲ್ಲಿ 11.1 ಎಂದು ಬರೆದದ್ದು 12.6 ಆಗಿರುತ್ತದೆ, ನಾಲ್ಕು ಸೆಲ್ಲಿನದರಲ್ಲಿ 14.8 ಎಂದು ಬರೆದದ್ದು 16.8. ಮೀಟರು ಕೆಟ್ಟಿಲ್ಲ, ಬ್ಯಾಟರಿಯೂ ಕೆಟ್ಟಿಲ್ಲ. ಮೇಲೆ ಬರೆದದ್ದು ಬ್ಯಾಟರಿ ಓಡುವಷ್ಟು ಹೊತ್ತು ಕೊಡುವ ಸರಾಸರಿ ವೋಲ್ಟೇಜು; ಮೀಟರು ತೋರಿಸಿದ್ದು ಈ ಕ್ಷಣದ್ದು. ರಿಮೋಟ್ ಕಾರಿನ ಸ್ಪೀಡ್ ಕಂಟ್ರೋಲರಿಗೆ ಸರಾಸರಿಯ ಲೆಕ್ಕ ಬೇಕಿಲ್ಲ. ಪ್ಲಗ್ ಸಿಕ್ಕಿಸಿದ ಕೂಡಲೇ ಅದರ ಒಳಗಿನ ಬಿಡಿಭಾಗಗಳ ಮೇಲೆ ಬೀಳುವುದು 12.6, ಲೇಬಲ್ಲಿನ 11.1 ಅಲ್ಲ. ಈ ಒಂದೂವರೆ ವೋಲ್ಟಿನ ವ್ಯತ್ಯಾಸ ತಿಳಿಯದೆ ಸುಟ್ಟುಹೋದ ಕಂಟ್ರೋಲರುಗಳನ್ನು ಹುಬ್ಬಳ್ಳಿ–ಧಾರವಾಡದಲ್ಲಿ ಸಾಕಷ್ಟು ನೋಡಿದ್ದೇನೆ. ಅವುಗಳಲ್ಲಿ ಹೆಚ್ಚಿನವನ್ನು ಉಳಿಸಿಕೊಳ್ಳಬಹುದಿತ್ತು ಎಂಬ ಸಂಕಟದಿಂದಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಅವಳಿ ನಗರಕ್ಕೆ ರಿಮೋಟ್ ಕಾರಿನ ಈ ಹವ್ಯಾಸ ಹಲವು ದಾರಿಯಿಂದ ಬಂದಿದೆ. ಆನ್‌ಲೈನಿನಲ್ಲಿ ತರಿಸಿದ ಡಬ್ಲ್ಯುಎಲ್ ಟಾಯ್ಸ್ 144001ರಂಥ ಪುಟ್ಟ ಕಾರುಗಳು ಒಂದು ದಾರಿ. ಅಮೆರಿಕದಲ್ಲಿರುವ ಮಾವನೋ ಅಕ್ಕನೋ ಸೂಟ್‌ಕೇಸಿನಲ್ಲಿ ಹೊತ್ತು ತಂದ ಟ್ರ್ಯಾಕ್ಸಸ್ ಕಾರು ಇನ್ನೊಂದು. ಮೂರನೆಯದು ಎಂಜಿನಿಯರಿಂಗ್ ಕಾಲೇಜುಗಳದ್ದು. 1947ರಲ್ಲಿ ಬಿ.ವಿ. ಭೂಮರಡ್ಡಿ ಕಾಲೇಜಾಗಿ ಶುರುವಾಗಿ ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿರುವ ವಿದ್ಯಾನಗರದ ಕ್ಯಾಂಪಸ್, 1979ರ ಎಸ್‌ಡಿಎಂ ಕಾಲೇಜು, 2015ರ ಐಐಐಟಿ, 2016ರ ಐಐಟಿ. ಇಷ್ಟು ಸಂಸ್ಥೆಗಳಿರುವ ಊರಿನಲ್ಲಿ ಹಾಸ್ಟೆಲ್ ಕೋಣೆಯೊಳಗೆ ಬೆಸುಗೆ ಹಾಕುತ್ತ ಕೂತ ಹುಡುಗ ಹುಡುಗಿಯರಿಗೆ ಕೊರತೆಯಿಲ್ಲ. ಮೂರೂ ದಾರಿಯವರು ಕೇಳುವ ಪ್ರಶ್ನೆ ಮಾತ್ರ ಒಂದೇ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಅದನ್ನು ಕೇಳಿದ ಹುಡುಗನ ಮಾತು ಹೀಗಿತ್ತು: "ಕಾಕಾ, ಇದಕ್ಕ ಮೂರು ಸೆಲ್ಲಿಂದು ಹಾಕಿದ್ರ ಇನ್ನೂ ಜೋರ್ ಓಡತೈತಲ್ರೀ?"

"ಓಡತೈತಪಾ. ಕಂಟ್ರೋಲರ್ ಮ್ಯಾಲ ಏನ್ ಬರದಾರ, ಅದನ್ನ ನೋಡಿಯೇನು?"

"ಇಲ್ರೀ."

"ಹಂಗಾರ ಮೊದಲ ಅದನ್ನ ನೋಡ್ಕೊಂಡು ಬಾ."

ವ್ಯಾಪಾರ ಬಿಟ್ಟು ಹುಡುಗನನ್ನು ವಾಪಸು ಕಳಿಸಿದ ಆ ಅಂಗಡಿಯವರ ಮಾತಿನಲ್ಲಿ ಇಡೀ ವಿಷಯವಿದೆ. ಬ್ಯಾಟರಿ ಆರಿಸುವುದು ಕಂಟ್ರೋಲರಿನಿಂದ ಶುರುವಾಗಬೇಕು.

ಕಂಟ್ರೋಲರ್ ಅಂದರೆ ಏನು? ಬ್ಯಾಟರಿಗೂ ಮೋಟಾರಿಗೂ ನಡುವೆ ಕೂತ, ಬೆಂಕಿಪೊಟ್ಟಣದಷ್ಟು ಗಾತ್ರದ ಪೆಟ್ಟಿಗೆ. ಬಳಕೆಯ ಮಾತಿನಲ್ಲಿ ಇಎಸ್‌ಸಿ. ಜಪಾನಿನ ಟಮಿಯಾ ಕಂಪನಿ 1976ರಲ್ಲಿ ತನ್ನ ಮೊದಲ ಎಲೆಕ್ಟ್ರಿಕ್ ರಿಮೋಟ್ ಕಾರು ಪೋರ್ಷೆ 934 ಅನ್ನು ಹೊರತಂದಾಗ ಇಂಥ ಪೆಟ್ಟಿಗೆ ಇರಲಿಲ್ಲ. ಆ ಕಾಲದ ಕಾರುಗಳಲ್ಲಿ ಸರ್ವೊ ಮೋಟಾರೊಂದು ಲೋಹದ ತೋಳನ್ನು ಸರಿಸಿ ರೆಸಿಸ್ಟರ್ ಮೂಲಕ ಕರೆಂಟ್ ಹಾಯಿಸುತ್ತಿತ್ತು. ನಿಧಾನ ಹೋಗಬೇಕೆಂದರೆ ಉಳಿದ ಶಕ್ತಿಯನ್ನೆಲ್ಲ ಶಾಖವಾಗಿ ಸುಟ್ಟುಬಿಡುವುದೇ ಅದರ ಪದ್ಧತಿ. ಈಗಿನ ಇಎಸ್‌ಸಿ ಹಾಗಲ್ಲ. ಅದರೊಳಗಿನ ಮಾಸ್‌ಫೆಟ್ ಎಂಬ ಸ್ವಿಚ್ಚುಗಳು ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುತ್ತವೆ. ಅರ್ಧ ಹೊತ್ತು ತೆರೆದಿದ್ದರೆ ಮೋಟಾರಿಗೆ ಸರಿಸುಮಾರು ಅರ್ಧ ವೋಲ್ಟೇಜು ಸಿಕ್ಕಂತೆ. ಬ್ರಶ್ ಇರುವ ಮೋಟಾರಿಗೆ ಎರಡು ತಂತಿ, ಬ್ರಶ್‌ಲೆಸ್ ಮೋಟಾರಿಗೆ ಮೂರು. ಈ ಮೂರು ತಂತಿಗೆ ಮೇಲೆ ಮೂರು, ಕೆಳಗೆ ಮೂರು, ಹೀಗೆ ಆರು ಸ್ವಿಚ್ಚುಗಳ ಬಳಗ ಸರದಿಯಂತೆ ಕರೆಂಟ್ ಹಂಚುತ್ತದೆ. ಹುಬ್ಬಳ್ಳಿ ನಿಲ್ದಾಣಕ್ಕೆ ಗಾಡಿ ಎಳೆದು ತರುವ ಡಬ್ಲ್ಯುಎಪಿ-7 ಎಂಜಿನ್ನಿನ ಹೊಟ್ಟೆಯಲ್ಲೂ ಮೂರು ಫೇಸಿನ ಮೋಟಾರುಗಳೇ ಇವೆ, ಅವಕ್ಕೂ ಎಲೆಕ್ಟ್ರಾನಿಕ್ ಸ್ವಿಚ್ಚುಗಳೇ ಕರೆಂಟ್ ಹಂಚುತ್ತವೆ. ಧಾರವಾಡದ ಟಾಟಾ ಕಾರ್ಖಾನೆಯಲ್ಲಿ ತಯಾರಾಗುವ ಎಲೆಕ್ಟ್ರಿಕ್ ಬಸ್ಸಿನಲ್ಲೂ ಅಷ್ಟೇ. ಗಾತ್ರ ಬೇರೆ, ಮೋಟಾರಿನ ಜಾತಿ ಬೇರೆ, ಕೆಲಸ ಒಂದೇ. ಮಗನ ಕೈಯಲ್ಲಿರುವ ಆಟಿಕೆಯನ್ನು ಕೇವಲ ಆಟಿಕೆ ಎಂದು ನೋಡಬೇಡಿ ಎಂದು ನಾನು ಪೋಷಕರಿಗೆ ಹೇಳುವುದು ಇದಕ್ಕೇ.

ಬ್ಯಾಟರಿ ಕೊಳ್ಳುವಾಗ ಜನ ತುಂಬಾ ಹೆದರುವುದು ತಪ್ಪು ಸಂಖ್ಯೆಗೆ. "1500 ಎಂಎಎಚ್ ಇದ್ದಲ್ಲಿ 3000ದ್ದು ಹಾಕಿದರೆ ಸುಟ್ಟುಹೋಗುತ್ತಾ?" ಇಲ್ಲ, ಸುಡುವುದಿಲ್ಲ. ಎಂಎಎಚ್ ಎಂಬುದು ಬ್ಯಾಟರಿಯಲ್ಲಿ ಎಷ್ಟು ತುಂಬುತ್ತದೆ ಎಂಬ ಲೆಕ್ಕ. ಅದು ದುಪ್ಪಟ್ಟಾದರೆ ಕಾರು ಹೆಚ್ಚು ಹೊತ್ತು ಓಡುತ್ತದೆ, ಸ್ವಲ್ಪ ಭಾರವಾಗುತ್ತದೆ, ಅಷ್ಟೆ. ಸಿ ರೇಟಿಂಗ್ ಕೂಡ ಹಾಗೇ. 5000 ಎಂಎಎಚ್, 50ಸಿ ಎಂದು ಬರೆದಿದ್ದರೆ ಲೆಕ್ಕದ ಪ್ರಕಾರ 250 ಆಂಪ್ ಕೊಡಬಲ್ಲೆ ಎಂದರ್ಥ. ಕಾರು 20 ಆಂಪ್ ಕೇಳಿದರೆ 20 ಮಾತ್ರ ಹರಿಯುತ್ತದೆ. ಮನೆಯ ಹೆಸ್ಕಾಂ ಲೈನಿನಲ್ಲಿ ಹತ್ತಾರು ಆಂಪ್ ಕೊಡುವ ತಾಕತ್ತಿದ್ದರೂ ದೇವರ ಕೋಣೆಯ ಸಣ್ಣ ಬಲ್ಬು ತನಗೆ ಬೇಕಾದಷ್ಟನ್ನೇ ಎಳೆದುಕೊಂಡು ಉರಿಯುತ್ತದಲ್ಲ, ಹಾಗೆ. ಕರೆಂಟನ್ನು ಉಪಕರಣ ಎಳೆದುಕೊಳ್ಳುತ್ತದೆ. ವೋಲ್ಟೇಜನ್ನು ಮಾತ್ರ ಬ್ಯಾಟರಿ ಹೇರುತ್ತದೆ, ಬೇಡ ಎನ್ನುವ ದಾರಿ ಕಂಟ್ರೋಲರಿಗೆ ಇಲ್ಲ. ಆದ್ದರಿಂದ ಎಂಎಎಚ್ ಹೆಚ್ಚಿದ್ದರೆ ಚಿಂತೆಯಿಲ್ಲ, ಸಿ ಹೆಚ್ಚಿದ್ದರೆ ಒಳ್ಳೆಯದೇ, ಸೆಲ್ ಸಂಖ್ಯೆ ಒಂದು ಹೆಚ್ಚಾದರೂ ಅಪಾಯ. ಅಮೆರಿಕದಿಂದ ಬಂದ ಕಾರಿನ ಚಾರ್ಜರಿಗೂ ಇದೇ ಮಾತು ಅನ್ವಯಿಸುತ್ತದೆ. ಅದರ ಬೆನ್ನಿನ ಮೇಲೆ 100–240 ವೋಲ್ಟ್ ಎಂದಿದ್ದರೆ ನಮ್ಮ ಗೋಡೆಯ ಪ್ಲಗ್ಗಿಗೆ ಹಾಕಿ. ಬರೀ 120 ಎಂದಿದ್ದರೆ 230 ವೋಲ್ಟಿನ ನಮ್ಮ ಮನೆಗಳಲ್ಲಿ ಅದಕ್ಕೆ ಜಾಗವಿಲ್ಲ.

ಈಗ ಕಂಟ್ರೋಲರಿನ ಮೇಲೆ ಬರೆದದ್ದನ್ನು ಓದೋಣ. ನಮ್ಮಲ್ಲಿ ಸಿಗುವ ಬ್ರಶ್ ಮೋಟಾರಿನ ಕಂಟ್ರೋಲರುಗಳಲ್ಲಿ ಹಾಬಿವಿಂಗ್ ಕ್ವಿಕ್‌ರನ್ 1060 ಬಹಳ ಪರಿಚಿತವಾದದ್ದು. ಅದು 60 ಆಂಪ್ ತಡೆಯಬಲ್ಲದು; ಲಿಪೊ ಆದರೆ 2ರಿಂದ 3 ಸೆಲ್, ನಿಕಲ್ ಬ್ಯಾಟರಿ ಆದರೆ 5ರಿಂದ 9 ಸೆಲ್ ಹಾಕಬಹುದು. ಲಿಪೊ ಮೂರು, ನಿಕಲ್ ಒಂಬತ್ತು ಎಂಬ ಈ ಜೋಡಿಯನ್ನು ಗಮನಿಸಿ. ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲಿನ ಹೆಸರಿನ ವೋಲ್ಟೇಜು 1.2 ಆದರೂ ಆಗತಾನೇ ಚಾರ್ಜಿನಿಂದ ತೆಗೆದಾಗ 1.4ರ ಆಸುಪಾಸಿನಲ್ಲಿರುತ್ತದೆ. 1.4ರಂತೆ ಒಂಬತ್ತು ಸೆಲ್ ಕೂಡಿಸಿದರೆ 12.6. 4.2ರಂತೆ ಮೂರು ಲಿಪೊ ಸೆಲ್ ಕೂಡಿಸಿದರೂ 12.6. ಕಂಟ್ರೋಲರ್ ತಯಾರಿಸಿದವರು ಲೆಕ್ಕ ಹಾಕಿದ್ದು ತುಂಬಿದ ಬ್ಯಾಟರಿಯದ್ದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ಹಳೆಯ ಕಾರುಗಳ 7.2 ವೋಲ್ಟಿನ ಆರು ಸೆಲ್ ನಿಕಲ್ ಪ್ಯಾಕೂ ತುಂಬಿದಾಗ 8.4, ಎರಡು ಸೆಲ್ ಲಿಪೊ ಕೂಡ 8.4. ಆದ್ದರಿಂದಲೇ 7.2ರ ಜಾಗದಲ್ಲಿ 7.4 ಹಾಕಿದರೆ ಸಾಮಾನ್ಯವಾಗಿ ಕಂಟ್ರೋಲರಿಗೆ ಧಕ್ಕೆಯಾಗುವುದಿಲ್ಲ. ಆದರೂ ಕಾರು ಚುರುಕಾಗುತ್ತದೆ, ಏಕೆಂದರೆ ಆಕ್ಸಿಲರೇಟರ್ ಒತ್ತಿದಾಗ ನಿಕಲ್ ಸೆಲ್ ಕುಸಿಯುವಷ್ಟು ಲಿಪೊ ಕುಸಿಯುವುದಿಲ್ಲ.

ಮಿತಿ ಮೀರಿದರೆ ಒಳಗೆ ಏನಾಗುತ್ತದೆ ಎಂಬುದನ್ನು ಸುಟ್ಟ ಪೆಟ್ಟಿಗೆಯೇ ಹೇಳುತ್ತದೆ. ಧಾರವಾಡದ ಮಾಳಮಡ್ಡಿಯ ಹುಡುಗನೊಬ್ಬ ತಂದುಕೊಟ್ಟ ಎರಡು ಸೆಲ್ಲಿನ ಕಂಟ್ರೋಲರೊಂದನ್ನು ಮೇಜಿನ ಮೇಲೆ ಬಿಚ್ಚಿದೆವು. ನಾಲ್ಕು ಸೆಲ್ಲಿನ ಪ್ಯಾಕ್ ಹಾಕಿದ್ದನಂತೆ. ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆಯುವ ಮೊದಲೇ ಸುಟ್ಟ ವಾರ್ನಿಶ್ಶಿನ ವಾಸನೆ. ಬ್ಯಾಟರಿ ತಂತಿ ಸೇರುವ ಜಾಗದ ಪಕ್ಕದಲ್ಲೇ ಕಿರುಬೆರಳ ತುದಿಯಷ್ಟು ದಪ್ಪದ ಎರಡು ಕೆಪಾಸಿಟರ್ ನಿಂತಿದ್ದವು, ಮೈಮೇಲೆ 16 ವೋಲ್ಟ್ ಎಂಬ ಅಚ್ಚು. ಇಂಥ ಕೆಪಾಸಿಟರಿನ ನೆತ್ತಿಯ ಮೇಲೆ ಗೀರು ಹಾಕಿರುತ್ತಾರೆ, ಒಳಗೆ ಒತ್ತಡ ಹೆಚ್ಚಾದರೆ ಅಲ್ಲೇ ಬಿರಿಯಲಿ ಎಂದು. ಒಂದರ ನೆತ್ತಿ ಉಬ್ಬಿ ಆ ಗೀರಿನುದ್ದಕ್ಕೆ ತೆರೆದುಕೊಂಡಿತ್ತು, ಕಂದು ಬಣ್ಣದ ಅಂಟು ಸುತ್ತ ಹರಡಿತ್ತು. ಅದರ ಹಿಂದೆ ಸಾಲಾಗಿ ಕೂತ ಮಾಸ್‌ಫೆಟ್‌ಗಳಲ್ಲಿ ಒಂದರ ಮಧ್ಯದಲ್ಲಿ ಸಾಸಿವೆ ಕಾಳು ಹಿಡಿಯುವಷ್ಟು ಕುಳಿ. ತುಂಬಿದ ನಾಲ್ಕು ಸೆಲ್ 16.8 ವೋಲ್ಟು, ಕೆಪಾಸಿಟರಿನ ಮಿತಿ 16. ಅಲ್ಲಿಗೆ ಕತೆ ಮುಗಿಯಿತು.

ಮೂರು ಸೆಲ್ಲಿನ 12.6 ಆದರೆ 16ಕ್ಕಿಂತ ಕಡಿಮೆ ತಾನೇ, ಅಷ್ಟು ಅಂತರ ಸಾಲದೇ ಎಂದು ಕೇಳಬಹುದು. ಸಾಲುವುದಿಲ್ಲ. ಸ್ವಿಚ್ಚು ಸೆಕೆಂಡಿಗೆ ಸಾವಿರಾರು ಸಲ ಮುಚ್ಚಿಕೊಳ್ಳುವಾಗೆಲ್ಲ ತಂತಿಯಲ್ಲಿ ಹರಿಯುತ್ತಿದ್ದ ಕರೆಂಟು ತಟ್ಟನೆ ನಿಲ್ಲಲು ಒಪ್ಪದೆ ವೋಲ್ಟೇಜನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಬ್ರೇಕ್ ಹಾಕಿದಾಗ ಬ್ರಶ್‌ಲೆಸ್ ಮೋಟಾರು ಜನರೇಟರಿನಂತೆ ತಿರುಗಿ ಬ್ಯಾಟರಿಯ ಕಡೆಗೆ ವಿದ್ಯುತ್ ನೂಕುತ್ತದೆ. ಕೆಪಾಸಿಟರ್ ಇರುವುದೇ ಈ ಚಿಮ್ಮುವಿಕೆಯನ್ನು ನುಂಗಲು. ಲೇಬಲ್ಲಿನಲ್ಲಿ 2 ಸೆಲ್ ಎಂದು ನಿಲ್ಲಿಸಿದವರು ಈ ಏರುಪೇರಿಗೆಂದೇ ಮೇಲೊಂದಿಷ್ಟು ಜಾಗ ಬಿಟ್ಟಿರುತ್ತಾರೆ. ಆ ಜಾಗವನ್ನು ಮೂರನೆಯ ಸೆಲ್ಲಿಗೆ ಕೊಟ್ಟರೆ ಚಿಮ್ಮುವ ವೋಲ್ಟೇಜು ಹೋಗುವುದೆಲ್ಲಿಗೆ? ಬ್ಯಾಟರಿ ದೂರ ಇಡಬೇಕೆಂದು ಉದ್ದ ತಂತಿ ಬೆಸೆಯುವವರೂ ಇದನ್ನು ನೆನಪಿಡಬೇಕು: ತಂತಿ ಉದ್ದವಾದಷ್ಟೂ ಈ ಚಿಮ್ಮುವಿಕೆ ಹೆಚ್ಚು. ನನ್ನ ಗೆಳೆಯ ಮೂರು ಸೆಲ್ ಹಾಕಿ ಒಂದು ತಿಂಗಳು ಓಡಿಸಿದ, ಏನೂ ಆಗಲಿಲ್ಲ ಎಂದು ವಾದಿಸುವವರಿಗೆ ನನ್ನ ಉತ್ತರ ಇದೇ. ಆ ಕಂಟ್ರೋಲರು ತಿಂಗಳಿಡೀ ತನ್ನ ಮಿತಿಯ ಅಂಚಿನಲ್ಲೇ ಓಡಿದೆ.

ಇದಿಷ್ಟೇ ಆಗಿದ್ದರೆ ಪೆಟ್ಟಿಗೆಯೊಂದು ಸುಟ್ಟಿತು ಎಂದು ಬಿಡಬಹುದಿತ್ತು. ಆದರೆ ಅದರೊಳಗೆ ಇನ್ನೊಂದು ಸಣ್ಣ ವ್ಯವಸ್ಥೆ ಇದೆ, ಬಿಇಸಿ ಎಂದು ಹೆಸರು. ರಿಮೋಟಿನ ಮಾತು ಕೇಳುವ ರಿಸೀವರಿಗೂ ಮುಂದಿನ ಚಕ್ರ ತಿರುಗಿಸುವ ಸರ್ವೊಗೂ 5 ಅಥವಾ 6 ವೋಲ್ಟ್ ಕೊಡುವುದು ಅದರ ಕೆಲಸ. ಅಗ್ಗದ ಕಂಟ್ರೋಲರುಗಳಲ್ಲಿ ಅದು ಹೆಚ್ಚುವರಿ ವೋಲ್ಟೇಜನ್ನು ಶಾಖವಾಗಿಸಿ ಕಳೆಯುವ ಬಗೆಯದ್ದು. ಸರ್ವೊ 1 ಆಂಪ್ ಎಳೆಯುತ್ತಿದೆ ಎಂದಿಟ್ಟುಕೊಳ್ಳಿ. ಎರಡು ಸೆಲ್ಲಿನಲ್ಲಿ 8.4ರಿಂದ 5ಕ್ಕೆ ಇಳಿಸಲು 3.4 ವ್ಯಾಟ್ ಶಾಖ. ಮೂರು ಸೆಲ್ಲಿನಲ್ಲಿ 12.6ರಿಂದ 5ಕ್ಕೆ ಇಳಿಸಲು 7.6 ವ್ಯಾಟ್. ಬ್ಯಾಟರಿ ಒಂದೂವರೆ ಪಟ್ಟಾಯಿತು, ಶಾಖ ಎರಡು ಪಟ್ಟಿಗೂ ಮೀರಿತು. ಬಿಇಸಿ ಬಿಸಿಯಾಗಿ ನಿಂತುಬಿಟ್ಟರೆ ರಿಸೀವರಿಗೆ ವಿದ್ಯುತ್ತಿಲ್ಲ, ಸ್ಟಿಯರಿಂಗ್ ಸತ್ತಿರುತ್ತದೆ, ಕಾರು ಇನ್ನೂ ವೇಗದಲ್ಲಿರುತ್ತದೆ. ಎರಡು ಕೆಜಿಯ ಕಾರು ಒಂದೂವರೆ ಪಟ್ಟು ವೇಗ ಪಡೆದರೆ ಅದರ ಹೊಡೆತ ಎರಡೂಕಾಲು ಪಟ್ಟು. ಸಣ್ಣ ಮಕ್ಕಳು ಆಡುವ ಮೈದಾನದಲ್ಲಿ ಅದು ಯಾರ ಕಾಲಿಗೆ ಬೀಳುತ್ತದೋ ಹೇಳಲಾಗದು. ನಾನು ಮೂರನೆಯ ಸೆಲ್ಲಿಗೆ ಹೆದರುವುದು ಸುಡುವ ಪೆಟ್ಟಿಗೆಗಿಂತ ಹೆಚ್ಚಾಗಿ ಇದಕ್ಕೆ.

ಕಂಟ್ರೋಲರ್ ಮೂರು ಸೆಲ್ ತಡೆಯುತ್ತದೆ ಎಂದೇ ಇರಲಿ. ಮೋಟಾರ್ ತಡೆಯುತ್ತದೆಯೇ? ಬ್ರಶ್‌ಲೆಸ್ ಮೋಟಾರಿನ ಮೇಲೆ 3000 ಕೆವಿ ಎಂದು ಬರೆದಿದ್ದರೆ, ಭಾರವಿಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ 3000 ಸುತ್ತು ಎಂದು ಅರ್ಥ. 8.4 ವೋಲ್ಟಿಗೆ 25,200 ಸುತ್ತು, 12.6ಕ್ಕೆ 37,800. ಸುತ್ತಿನ ಜೊತೆಗೆ ಕರೆಂಟಿನ ಹಸಿವೂ ಬೆಳೆಯುತ್ತದೆ. ಮೋಟಾರ್ ಸುರುಳಿ, ತಂತಿ, ಬ್ಯಾಟರಿ ಎಲ್ಲ ಸೇರಿ ಪ್ರತಿರೋಧ 0.1 ಓಮ್ ಇದೆ ಎನ್ನಿ. ಚಕ್ರ ಸಿಕ್ಕಿಕೊಂಡು ಮೋಟಾರ್ ತಿರುಗದೆ ನಿಂತಾಗ ಎರಡು ಸೆಲ್ಲಿನಲ್ಲಿ 84 ಆಂಪ್ ಹರಿದರೆ, ಮೂರು ಸೆಲ್ಲಿನಲ್ಲಿ 126 ಆಂಪ್. ಆದ್ದರಿಂದಲೇ ಕ್ವಿಕ್‌ರನ್ 1060ರ ಕೈಪಿಡಿ ಮೂರು ಸೆಲ್ ಹಾಕಬಹುದು ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಎರಡು ಸೆಲ್ಲಿಗೆ 12 ಟಿ ಅಥವಾ ಅದಕ್ಕಿಂತ ಹೆಚ್ಚಿನ ಮೋಟಾರು, ಮೂರು ಸೆಲ್ಲಿಗೆ 18 ಟಿ ಅಥವಾ ಹೆಚ್ಚಿನದು ಎಂದು ಷರತ್ತು ಹಾಕುತ್ತದೆ. ಟಿ ಎಂದರೆ ಸುರುಳಿಯ ಸುತ್ತು. ಸುತ್ತು ಕಡಿಮೆಯಾದಷ್ಟೂ ಮೋಟಾರ್ ವೇಗದ್ದು, ಕರೆಂಟ್ ಹೆಚ್ಚು ಎಳೆಯುವಂಥದ್ದು. ಬಾಕ್ಸಿನ ಮೇಲೆ 3ಎಸ್ (ಅಂದರೆ ಮೂರು ಸೆಲ್) ಎಂದು ಓದಿ, ಒಳಗಿನ ಚೀಟಿಯ ಈ ಸಾಲು ಓದದೆ ಹೋದವರದ್ದು ಅರ್ಧ ಓದು.

ಚಕ್ರ ಸಿಕ್ಕಿಕೊಳ್ಳುವ ಮಾತು ನಮ್ಮ ಸೀಮೆಯಲ್ಲಿ ಬರೀ ಉದಾಹರಣೆಯಲ್ಲ. ಹುಬ್ಬಳ್ಳಿಯಿಂದ ನವಲಗುಂದ, ಕುಂದಗೋಳದ ಕಡೆ ಹೊರಟರೆ ಎರಿ ಭೂಮಿ. ಬೇಸಿಗೆಯಲ್ಲಿ ಬಿರುಕು ಬಿಟ್ಟು, ಮಳೆಗಾಲದಲ್ಲಿ ಟೈರಿಗೆ ಮೆತ್ತಿಕೊಳ್ಳುವ ಮಣ್ಣು. ಒಂದು ಹದ ಮಳೆಯ ಮರುದಿನ ಆಫ್‌ರೋಡ್ ಕಾರನ್ನು ಅದರಲ್ಲಿ ಬಿಟ್ಟು ನೋಡಿ. ಟೈರಿನ ಉಬ್ಬುಗಳ ಸಂದು ತುಂಬಿ ಚಕ್ರ ದಪ್ಪಗಾಗುತ್ತದೆ, ಬಾಡಿಯ ಅಂಚಿಗೆ ಉಜ್ಜುತ್ತದೆ, ಆಕ್ಸಲಿನ ಸುತ್ತ ಮಣ್ಣು ಸುತ್ತಿಕೊಳ್ಳುತ್ತದೆ. ಕಾರು ನಿಧಾನವಾಯಿತೆಂದು ಹುಡುಗರು ಇನ್ನಷ್ಟು ಒತ್ತುತ್ತಾರೆ. ಮೋಟಾರ್ ಅತಿ ಹೆಚ್ಚು ಕರೆಂಟ್ ಎಳೆಯುವುದು ಆ ಕ್ಷಣದಲ್ಲೇ, ಮತ್ತು ಕಾರು ನಿಧಾನ ಇರುವುದರಿಂದ ತಂಪು ಮಾಡುವ ಗಾಳಿಯೂ ಇರುವುದಿಲ್ಲ. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣಿನಲ್ಲಿ ಈ ಕಾಟ ಕಡಿಮೆ. ಇನ್ನು ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ಕಂಟ್ರೋಲರ್ ಕೆಲಸ ಶುರು ಮಾಡುವ ಮೊದಲೇ ಕಾದಿರುತ್ತದೆ. ಒಳ್ಳೆಯ ಕಂಟ್ರೋಲರುಗಳು 100 ಡಿಗ್ರಿ ಹತ್ತಿರ ತಾವೇ ನಿಲ್ಲುತ್ತವೆ, ಆದರೆ ಲಿಪೊ ಬ್ಯಾಟರಿ 60 ಡಿಗ್ರಿ ದಾಟಬಾರದು. ಸಂಜೆ ಐದರ ನಂತರ ಓಡಿಸಿ, ಒಂದು ಪ್ಯಾಕ್ ಮುಗಿದ ಮೇಲೆ ಮೋಟಾರಿಗೆ ಬೆರಳು ಮುಟ್ಟಿಸಿ ನೋಡಿ. ಬೆರಳು ಇಡಲಾಗದಷ್ಟು ಬಿಸಿಯಿದ್ದರೆ ಇನ್ನೊಂದು ಪ್ಯಾಕ್ ಹಾಕುವ ಮಾತೇ ಬೇಡ.

ಹೀಗೆಲ್ಲ ಹೇಳಿದೆನೆಂದು ಹೆಚ್ಚು ವೋಲ್ಟೇಜೇ ಕೆಟ್ಟದ್ದು ಎಂದು ತಿಳಿಯಬಾರದು. ಎಲ್ಲ ಭಾಗಗಳೂ ಅದಕ್ಕೆ ತಕ್ಕವಾಗಿದ್ದರೆ ಅದೇ ಒಳ್ಳೆಯ ದಾರಿ. 400 ವ್ಯಾಟ್ ಶಕ್ತಿ ಬೇಕೆನ್ನಿ. 8.4 ವೋಲ್ಟಿನಲ್ಲಿ ಅದಕ್ಕೆ ಸುಮಾರು 48 ಆಂಪ್ ಬೇಕು, 12.6ರಲ್ಲಿ 32 ಆಂಪ್ ಸಾಕು. ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ ಅದು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ರೈಲ್ವೆಯವರು ಹಳಿಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಹರಿಸುವುದು, ಎಲೆಕ್ಟ್ರಿಕ್ ಬಸ್ಸುಗಳು ನೂರಾರು ವೋಲ್ಟಿನ ಬ್ಯಾಟರಿ ಹೊತ್ತು ಓಡುವುದು ಇದೇ ಲೆಕ್ಕದಿಂದ. ಕಾರಿನಲ್ಲಿ ಈ ಲಾಭ ಸಿಗಬೇಕಾದರೆ ಗೇರನ್ನೂ ಬದಲಿಸಬೇಕು. ಎರಡು ಸೆಲ್ಲಿನಲ್ಲಿ ಮೋಟಾರಿನ ಪಿನಿಯನ್ನಿಗೆ 20 ಹಲ್ಲು ಇತ್ತೆಂದರೆ, ಮೂರು ಸೆಲ್ಲಿಗೆ ಹೋದಾಗ 13 ಹಲ್ಲಿನದು ಹಾಕಿದರೆ ಗರಿಷ್ಠ ವೇಗ ಹೆಚ್ಚುಕಡಿಮೆ ಹಿಂದಿನಷ್ಟೇ ಇರುತ್ತದೆ, ಕರೆಂಟ್ ತಗ್ಗುತ್ತದೆ, ಪೆಟ್ಟಿಗೆ ತಂಪಾಗಿ ಓಡುತ್ತದೆ. 15–16 ಹಲ್ಲಿಗೆ ಹೋದರೆ ಸ್ವಲ್ಪ ವೇಗವೂ ಸಿಗುತ್ತದೆ. ಅನುಭವಸ್ಥರು ಮೂರು ಸೆಲ್ ಹಾಕುವ ರೀತಿ ಇದು. 20 ಹಲ್ಲಿನ ಪಿನಿಯನ್ನನ್ನು ಹಾಗೇ ಬಿಟ್ಟು ಮೂರನೆಯ ಸೆಲ್ ಸೇರಿಸುವುದು ಕಾರನ್ನು ಎರಡೂ ಕಡೆಯಿಂದ ಹಿಂಡಿದಂತೆ.

ಮೇಲಿನ ಮಿತಿಯಷ್ಟೇ ಕೆಳಗಿನ ಮಿತಿಯೂ ಮುಖ್ಯ, ಅದನ್ನು ಕೇಳುವವರು ಕಡಿಮೆ. ಲಿಪೊ ಸೆಲ್ 3 ವೋಲ್ಟಿಗಿಂತ ಕೆಳಗೆ ಇಳಿದರೆ ಒಳಗೇ ಕೆಡುತ್ತದೆ, ಮುಂದೆ ಚಾರ್ಜಿಗಿಟ್ಟಾಗ ಉಬ್ಬುತ್ತದೆ, ಬೆಂಕಿಯೂ ಹತ್ತಬಹುದು. ಅದಕ್ಕೆಂದು ಕಂಟ್ರೋಲರಿನಲ್ಲಿ, ವೋಲ್ಟೇಜು ಇಳಿದಾಗ ಕಾರನ್ನು ನಿಲ್ಲಿಸುವ ಕಟ್‌ಆಫ್ ಇರುತ್ತದೆ. ಕೆಲವದರಲ್ಲಿ ಪುಟ್ಟ ಜಂಪರನ್ನು ಲಿಪೊ ಅಥವಾ ನಿಕಲ್ ಕಡೆಗೆ ಚುಚ್ಚಬೇಕು. ಟ್ರ್ಯಾಕ್ಸಸ್ ಎಕ್ಸ್‌ಎಲ್-5ರಲ್ಲಿ ಹಸಿರು ದೀಪ ಬಂದರೆ ಲಿಪೊ ಕಾವಲು ಚಾಲೂ ಇದೆ, ಕೆಂಪು ಬಂದರೆ ಇಲ್ಲ. ಲಿಪೊ ಹಾಕಿ ನಿಕಲ್ ಸ್ಥಿತಿಯಲ್ಲೇ ಬಿಟ್ಟರೆ ಕಾರು ಕೊನೆಯ ಹನಿಯವರೆಗೆ ಹೀರಿ ಬ್ಯಾಟರಿಯನ್ನು ಕೊಲ್ಲುತ್ತದೆ. ಅನೇಕ ಕಂಟ್ರೋಲರುಗಳು ಪ್ಲಗ್ ಹಾಕಿದ ಕ್ಷಣದ ವೋಲ್ಟೇಜ್ ನೋಡಿ ಎಷ್ಟು ಸೆಲ್ ಎಂದು ಊಹಿಸುತ್ತವೆ. ಬರಿದಾದ ಮೂರು ಸೆಲ್ಲಿನ ಪ್ಯಾಕನ್ನು, ಅಂದರೆ 9 ವೋಲ್ಟಿಗಿಂತ ಕೆಳಗಿಳಿದದ್ದನ್ನು ಸಿಕ್ಕಿಸಿದರೆ ಅದು ಎರಡು ಸೆಲ್ ಎಂದುಕೊಂಡು 6.4ರವರೆಗೂ ಓಡಲು ಬಿಡಬಹುದು. ಆಗ ಪ್ರತಿ ಸೆಲ್ಲಿಗೆ ಉಳಿಯುವುದು 2.1 ವೋಲ್ಟು. ಹಾಬಿವಿಂಗ್ ಕಂಟ್ರೋಲರುಗಳು ಶುರುವಾಗುವಾಗ ಎಷ್ಟು ಸೆಲ್ ಎಂದು ಅಷ್ಟು ಸಲ ಬೀಪ್ ಮಾಡುತ್ತವೆ. ಆ ಬೀಪ್ ಎಣಿಸುವುದನ್ನು ಮಕ್ಕಳಿಗೆ ಮೊದಲ ದಿನವೇ ಕಲಿಸಿ. ಮೂರು ಸೆಲ್ಲಿನ ಪ್ಯಾಕಿಗೆ ಎರಡೇ ಬೀಪ್ ಬಂದರೆ ತಕ್ಷಣ ಪ್ಲಗ್ ಕಿತ್ತುಬಿಡಬೇಕು; ಸೆಲ್‌ಗಳು 3 ವೋಲ್ಟಿಗಿಂತ ಕೆಳಗಿಳಿದಿದ್ದರೆ ಅದನ್ನು ಮತ್ತೆ ಚಾರ್ಜಿಗಿಡಬಾರದು.

ಕಾಲೇಜಿನ ರೋಬೊ ರೇಸಿನವರಿಗೂ ಒಂದು ಮಾತು. ಈ ಸ್ಪರ್ಧೆಗಳ ನಿಯಮಗಳಲ್ಲಿ ಯಾವುದೇ ಎರಡು ಬಿಂದುಗಳ ನಡುವೆ 12 ವೋಲ್ಟ್ ಮೀರಬಾರದು ಎಂಬ ಷರತ್ತು ಸಾಮಾನ್ಯ. 11.1 ಎಂದು ಬರೆದ ಮೂರು ಸೆಲ್ ಪ್ಯಾಕನ್ನು ತುಂಬಿಸಿಕೊಂಡು ಹೋದರೆ ಅದು 12.6 ತೋರಿಸುತ್ತದೆ, ಕಟ್ಟುನಿಟ್ಟಿನ ತೀರ್ಪುಗಾರರು ಅದನ್ನು ಒಪ್ಪದಿರಬಹುದು. ಮೊದಲೇ ಕೇಳಿಕೊಳ್ಳುವುದು ಲೇಸು. ರೋಬೊಗಳ ಜಾನ್ಸನ್ ಮೋಟಾರುಗಳನ್ನು ಓಡಿಸಲು ಎಲ್298ಎನ್ ಎಂಬ ಚಿಪ್ಪಿನ ಬೋರ್ಡ್ ಬಳಸುವವರು ಚಿಪ್ಪಿನ ಮಿತಿ 46 ವೋಲ್ಟ್ ಎಂದು ಧೈರ್ಯವಾಗಿರುತ್ತಾರೆ. ಆದರೆ ಅದೇ ಬೋರ್ಡಿನಲ್ಲಿ 5 ವೋಲ್ಟ್ ಮಾಡುವ ರೆಗ್ಯುಲೇಟರ್ ಇದೆ. ಬ್ಯಾಟರಿ 12 ವೋಲ್ಟ್ ದಾಟಿದರೆ ಅದರ ಜಂಪರ್ ತೆಗೆದು, 5 ವೋಲ್ಟನ್ನು ಹೊರಗಿನಿಂದ ಕೊಡಬೇಕು. ಒಂದೊಂದು ಚಾನೆಲ್ಲಿಗೆ 2 ಆಂಪ್ ಮಿತಿ ಎಂಬುದೂ ನೆನಪಿರಲಿ. ಮೋಟಾರ್ ಸಿಕ್ಕಿಕೊಂಡಾಗ ಆ ಮಿತಿ ದಾಟುವುದಕ್ಕೆ ಹೆಚ್ಚು ಹೊತ್ತು ಬೇಡ.

ಚಾರ್ಜಿನ ವಿಷಯದಲ್ಲಿ ಕೆಲವೇ ಮಾತು. ಬ್ಯಾಲೆನ್ಸ್ ಚಾರ್ಜರ್ ಬಳಸಿ, 1500 ಎಂಎಎಚ್ ಪ್ಯಾಕಿಗೆ 1.5 ಆಂಪ್ ಮೀರಬೇಡಿ, ಚಾರ್ಜಿಗಿಟ್ಟು ಮನೆ ಬಿಟ್ಟು ಹೋಗಬೇಡಿ. ಉಬ್ಬಿದ ಪ್ಯಾಕನ್ನು ಪಾಲಿಕೆಯ ಕಸದ ಗಾಡಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಬೇರೆಯಾಗಿ ಸಂಗ್ರಹವಾಗಬೇಕಾದ ವಸ್ತು, ಕಸದ ರಾಶಿಯಲ್ಲಿ ಬೆಂಕಿ ಹತ್ತಿದರೆ ಸುಡುವುದು ಪೌರಕಾರ್ಮಿಕರ ಕೈ.

ನನ್ನ ತೀರ್ಮಾನ ಸ್ಪಷ್ಟವಾಗಿದೆ. ನಮ್ಮ ಓಣಿಗಳಿಗೆ, ಶಾಲಾ ಮೈದಾನಗಳಿಗೆ, ಎರಡು ಸೆಲ್ಲಿನ 7.4 ವೋಲ್ಟೇ ಸಾಕು. 144001 ಕಾರಿಗೆ ಕಂಪನಿಯೇ ಕೊಟ್ಟಿರುವುದು 7.4 ವೋಲ್ಟು, 1500 ಎಂಎಎಚ್; ಹೆಚ್ಚು ಹೊತ್ತು ಓಡಬೇಕೆಂದರೆ ಜಾಗಕ್ಕೆ ಹೊಂದುವ ದೊಡ್ಡ ಎಂಎಎಚ್ ಪ್ಯಾಕ್ ಹಾಕಿ, ಸೆಲ್ ಹೆಚ್ಚಿಸಬೇಡಿ. ಮೂರು ಸೆಲ್ ಬೇಕೇ ಬೇಕು ಎನ್ನುವವರು ಕಂಟ್ರೋಲರ್, ಮೋಟಾರ್, ಪಿನಿಯನ್ ಮೂರಕ್ಕೂ ಒಟ್ಟಿಗೆ ಹಣ ಕೂಡಿಟ್ಟುಕೊಂಡು ಆಮೇಲೆ ಬ್ಯಾಟರಿಗೆ ಕೈ ಹಾಕಲಿ. ಕಂಟ್ರೋಲರಿನ ಮೇಲಿನ ಅಕ್ಷರ ಅಳಿಸಿಹೋಗಿದ್ದರೆ, ಕೈಪಿಡಿಯೂ ಕಳೆದಿದ್ದರೆ, ಆ ಕಾರಿನೊಂದಿಗೆ ಬಂದ ಬ್ಯಾಟರಿಯ ವೋಲ್ಟೇಜೇ ಅದರ ಗರಿಷ್ಠ ಮಿತಿ ಎಂದು ತಿಳಿದು ಓಡಿಸಿ.